ಮೂವತ್ತೇಳನೇ ಕೊಕ್ಕೆ

“ಇವಳ ಚೀಲ ಇನ್ನೂ ಇಲ್ಲೇ ಯಾಕಿದೆ?”

ಕೇಳಿದವಳು ಟೈಲರಕ್ಕ. ಕೇಳಿಸಿಕೊಳ್ಳಲು ಬಟ್ಟೆ ಬದಲಿಸುವ ಕೋಣೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಹೆಂಗಸರ ಬ್ಯಾಚು ಮುಗಿದು ಅರ್ಧ ಗಂಟೆಯಾಗುತ್ತ ಬಂದಿತ್ತು. ನೆಲದ ಮೇಲಿನ ಒದ್ದೆ ಹೆಜ್ಜೆಗಳು ಆರುತ್ತಿದ್ದವು, ಮೂಲೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಉದ್ದನೆಯ ಬೆಂಚಿನ ಮೇಲೆ ತಮ್ಮನ ಹೆಂಡತಿಯ ನೀಲಿ ಚೀಲ, ಬೆಂಚಿನ ಕೆಳಗೆ ಅವಳ ಚಪ್ಪಲಿ, ಚಪ್ಪಲಿಯೊಳಗೆ ಮಡಿಸಿಟ್ಟ ಕನ್ನಡಕ. ಕನ್ನಡಕ ಬಿಟ್ಟು ಅವಳು ಹೊಸ್ತಿಲು ದಾಟುವವಳಲ್ಲ.

ಟೈಲರಕ್ಕ ಇಪ್ಪತ್ತು ನಿಮಿಷದಿಂದ ಹೊರಗೆ ಸ್ಕೂಟರಿನ ಪಕ್ಕ ನಿಂತಿದ್ದಳು. ಮೊದಲ ಐದು ನಿಮಿಷ ಸಿಟ್ಟಿನಿಂದ ನಿಂತಳು, ಆಮೇಲಿನ ಹತ್ತು ನಿಮಿಷ ಹಟದಿಂದ ನಿಂತಳು, ಕೊನೆಯ ಐದು ನಿಮಿಷ ಬಾಗಿಲನ್ನೇ ನೋಡುತ್ತ ನಿಂತು, ತಡೆಯಲಾರದೆ ಒಳಗೆ ಬಂದಳು. ಕಂಕುಳಲ್ಲಿದ್ದ ಹೆಲ್ಮೆಟ್ಟಿನೊಳಗೆ ಎರಡು ಸದಸ್ಯತ್ವದ ಕಾರ್ಡುಗಳಿದ್ದವು. ಒಂದು ಅವಳದು. ಇನ್ನೊಂದು ಈ ಚೀಲದವಳದು.

ಆ ಈಜುಕೊಳದ ಸೆಂಟರಿನಲ್ಲಿ ಒಂದು ಪದ್ಧತಿಯಿತ್ತು. ಕೌಂಟರಿನಲ್ಲಿ ಕಾರ್ಡು ಕೊಟ್ಟರೆ ನಂಬರಿನ ಹಿತ್ತಾಳೆ ಬಿಲ್ಲೆ ಕೊಡುತ್ತಿದ್ದರು. ನೀರಿಗಿಳಿಯುವ ಮುನ್ನ ಅದನ್ನು ಕೊಳದ ಬಾಗಿಲ ಪಕ್ಕದ ಹಲಗೆಯಲ್ಲಿ ಅದೇ ನಂಬರಿನ ಕೊಕ್ಕೆಗೆ ತೂಗುಹಾಕಬೇಕು, ಹೊರಡುವಾಗ ತೆಗೆದುಕೊಂಡು ಹೋಗಿ ಕೌಂಟರಿಗೆ ಕೊಟ್ಟು ಕಾರ್ಡು ವಾಪಸು ಪಡೆಯಬೇಕು. ಹಲಗೆಯ ಮೇಲೆ ಎಷ್ಟು ಬಿಲ್ಲೆಯೋ ಒಳಗೆ ಅಷ್ಟು ಜೀವ. ಕೊಳದ ಕಾವಲಿನ ಹೆಂಗಸಿಗೆ, ಕೊರಳಲ್ಲಿ ಸದಾ ಸೀಟಿ ತೂಗುತ್ತಿದ್ದುದರಿಂದ, ಸೀಟಿಯಕ್ಕ ಎಂದೇ ಹೆಸರು. ಹಲಗೆ ಬರಿದಾಯಿತೆಂದರೆ ಅವಳು ಒಮ್ಮೆ ಗಟ್ಟಿಯಾಗಿ ಕೂಗಿ, ಸ್ಟೀಮ್ ರೂಮಿನ ಸ್ವಿಚ್ಚು ಆರಿಸಿ, ಕೊಳವೂ ಸ್ಟೀಮ್ ರೂಮೂ ಇದ್ದ ಹಾಲಿಗೆ ಬೀಗ ಹಾಕಿ, ನೀರಿಗೆ ಔಷಧಿ ಬೆರೆಸಲು ಕೆಳಗಿನ ಪಂಪು ಕೋಣೆಗೆ ಇಳಿಯುತ್ತಿದ್ದಳು. ಗಂಡಸರ ಬ್ಯಾಚು ಬರುವ ಹೊತ್ತಿಗೆ ಮೇಲೆ ಬಂದು ಬೀಗ ತೆಗೆಯುತ್ತಿದ್ದಳು.

ಮಂಡಿನೋವಿಗೆ ನೀರೊಳಗಿನ ನಡಿಗೆಯೇ ಮದ್ದು ಎಂದು ಡಾಕ್ಟರು ಹೇಳಿದ ಮೇಲೆ ಟೈಲರಕ್ಕ ಸೆಂಟರಿಗೆ ಸೇರಿ ಎರಡು ವರ್ಷವಾಗಿತ್ತು. ಒಬ್ಬಳೇ ಹೋಗಲು ಸಂಕೋಚವೆಂದು ತಮ್ಮನ ಹೆಂಡತಿಯನ್ನೂ ಎಳೆದುಕೊಂಡು ಬಂದಿದ್ದಳು. ಬಂದವಳಿಗೆ ನೀರಿಗಿಂತ ಸ್ಟೀಮ್ ರೂಮಿನ ಮೇಲೆ ಮೋಹ ಹತ್ತಿತು. ದಿನಾ ಕೊನೆಯ ಹತ್ತು ನಿಮಿಷ ಅಲ್ಲಿ ಕೂತುಬಿಡುತ್ತಿದ್ದಳು. ಟೈಲರಕ್ಕ ಗಾಜಿನ ಬಾಗಿಲಿಗೆ ಬಡಿದು ಹೊತ್ತಾಯಿತೆಂದು ಕರೆಯುವುದು, ಒಳಗಿನಿಂದ “ಬಂದೆ ಅತ್ತಿಗೆ” ಎಂಬ ಉತ್ತರ ಬಂದ ಮೇಲೆ ಎರಡೂ ಬಿಲ್ಲೆ ತೆಗೆದುಕೊಂಡು ಕೌಂಟರಿನ ಸಾಲಿನಲ್ಲಿ ನಿಲ್ಲುವುದು, ಇದು ರೂಢಿ. ಅವರವರ ಬಿಲ್ಲೆ ಅವರವರೇ ತರಬೇಕೆಂದು ಗೋಡೆಯ ಮೇಲೆ ಬರೆದಿತ್ತು. ಗೋಡೆ ಓದುತ್ತ ಕೂತರೆ ಹೊಲಿಗೆ ಅಂಗಡಿಯ ಬಾಗಿಲು ತೆಗೆಯುವವರು ಯಾರು?

ಇವತ್ತು ಅವಳು ಕರೆದಿರಲಿಲ್ಲ.

ಬೆಳಿಗ್ಗೆ ನೀರಿನಲ್ಲಿ ಕಂಬಿ ಹಿಡಿದು ಹತ್ತು ಹೆಂಗಸರು ಸಾಲಾಗಿ ಕಾಲು ಬಡಿಯುತ್ತಿದ್ದಾಗ ಯಾರೋ ಶಾಲೆಯ ಸಮವಸ್ತ್ರದ ಮಾತು ತೆಗೆದರು. ತಮ್ಮನ ಹೆಂಡತಿ ನಕ್ಕು, ನಮ್ಮ ಅತ್ತಿಗೆ ಹತ್ರ ಮಾತ್ರ ಕೊಡಬೇಡಿ ಎಂದಳು. “ಈಗೀಗ ಎಡತೋಳು ಒಂದಳತೆ, ಬಲತೋಳು ಒಂದಳತೆ. ಕೇಳಿದ್ರೆ ಮಗೂಗೆ ಕೈ ಬೆಳೆಯುತ್ತೆ, ಸ್ವಲ್ಪ ಕಾಯಿರಿ ಅಂತಾರೆ.” ಹತ್ತು ಹೆಂಗಸರು ನಕ್ಕರು, ಅವರ ನಗುವಿಗೆ ನೀರೂ ನಕ್ಕಿತು. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಮೂವತ್ತು ವರ್ಷ ದಾರ ಪೋಣಿಸಿದ ಕಣ್ಣು ಈಗ ಸೂಜಿಯ ಕಣ್ಣನ್ನೇ ಹುಡುಕುತ್ತಿತ್ತು. ಅದನ್ನು ಮನೆಯವರೇ ಊರ ಮುಂದೆ ಹೇಳಬೇಕಿತ್ತೇ? ಟೈಲರಕ್ಕ ಬ್ಯಾಚು ಮುಗಿದೊಡನೆ ನೀರಿನಿಂದ ಎದ್ದಳು. ತಮ್ಮನ ಹೆಂಡತಿ ಎಂದಿನಂತೆ ಹೋಗಿ ಕೂತಿದ್ದ ಸ್ಟೀಮ್ ರೂಮಿನ ಕಡೆ ತಿರುಗಿಯೂ ನೋಡಲಿಲ್ಲ. ಹಲಗೆಯ ಮುಂದೆ ಬಂದಾಗ ಕೈ ಮಾತ್ರ ತನ್ನ ಪಾಡಿಗೆ ತಾನು ಎರಡು ಬಿಲ್ಲೆ ತೆಗೆಯಿತು. ಹನ್ನೆರಡು, ಮೂವತ್ತೇಳು.

ಈಗ ಅವಳು ಕುಂಟುತ್ತ ಹಾಲಿನ ಬಾಗಿಲಿಗೆ ಓಡಿದಳು. ಬೀಗ. ಬಡಿದಳು, ಕೂಗಿದಳು. ಕೌಂಟರಿನವನು ತಲೆ ಎತ್ತಿ, ಬೀಗದ ಕೈ ಸೀಟಿಯಕ್ಕನ ಸೊಂಟದಲ್ಲಿದೆ ಎಂದ. ಟೈಲರಕ್ಕ ಮೆಟ್ಟಿಲಿಳಿದಳು. ಒಂದೊಂದು ಮೆಟ್ಟಿಲಿಗೂ ಮಂಡಿಯೊಳಗೆ ಮುಳ್ಳು ಮುರಿದ ಹಾಗಾಗುತ್ತಿತ್ತು. ಪಂಪಿನ ಮೊರೆತದಲ್ಲಿ ಅವಳ ಮಾತು ಅವಳಿಗೇ ಕೇಳಲಿಲ್ಲ. ಸೀಟಿಯಕ್ಕ ಅವಳ ಬಾಯಿ ನೋಡಿದಳು, ಆಮೇಲೆ ಮುಖ ನೋಡಿದಳು, ಕೈಯಲ್ಲಿದ್ದ ಡಬ್ಬಿಯನ್ನು ಅಲ್ಲೇ ಬಿಟ್ಟು ಎರಡೆರಡು ಮೆಟ್ಟಿಲು ಹಾರಿದಳು.

ತಮ್ಮನ ಹೆಂಡತಿ ಸ್ಟೀಮ್ ರೂಮಿನ ನೆಲದ ಮೇಲೆ ಬಿದ್ದಿದ್ದಳು. ತಲೆ ಸುತ್ತಿ ಬಿದ್ದವಳ ಎಡಗೈ ಬೆಂಚಿನ ಕೆಳಗೆ, ಹಬೆ ಉಗುಳುವ ಕೊಳವೆಯ ಬಾಯಿಗೆ ತಾಗಿತ್ತು. ಮೊಣಕೈಯಿಂದ ಭುಜದವರೆಗೆ ಚರ್ಮದ ಬಣ್ಣ ಬೇರೆಯಾಗಿತ್ತು. ಸೀಟಿಯಕ್ಕ ಅವಳನ್ನು ಮಗುವಿನ ಹಾಗೆ ಎತ್ತಿ ಷವರಿನ ಕೆಳಗೆ ತಂದು, ಸುಟ್ಟ ಕೈಯನ್ನು ನೀರಿಗೆ ಹಿಡಿದು, ಮೂಗಿನ ಹತ್ತಿರ ಕೆನ್ನೆ ತಂದಳು.

“ಉಸಿರಿದೆ” ಎಂದಳು.

ಆಂಬುಲೆನ್ಸ್ ಬರುವವರೆಗೆ ಅವಳು ಆ ಕೈಯನ್ನು ನೀರಿನಿಂದ ತೆಗೆಯಲಿಲ್ಲ. ಸ್ಟ್ರೆಚರು ಬಾಗಿಲು ದಾಟಿದ ಮೇಲೆ ಮೊದಲು ಮಾಡಿದ್ದೇ ಹಲಗೆಯ ಮುಂದೆ ಹೋಗಿ ನಿಂತದ್ದು. ನಲವತ್ತು ಕೊಕ್ಕೆ, ನಲವತ್ತೂ ಖಾಲಿ. ಮೂವತ್ತೇಳನೆಯದನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಇವರ ಬಿಲ್ಲೆ ಎಲ್ಲಿ ಹೋಯಿತು ಎಂದು ಕೇಳಿದಳು. ಟೈಲರಕ್ಕ ಹೆಲ್ಮೆಟ್ಟನ್ನು ಎದೆಗೆ ಒತ್ತಿಕೊಂಡು ಆಂಬುಲೆನ್ಸ್ ಹತ್ತಿದಳು.

ದಾರಿಯುದ್ದಕ್ಕೂ ಅವಳು ದೇವರೊಂದಿಗೆ ಮಾತಾಡಿದಳು. ಇವಳ ಉಸಿರು ಉಳಿಸು, ನಾನು ಎಲ್ಲ ಒಪ್ಪಿಕೊಳ್ಳುತ್ತೇನೆ, ತಮ್ಮನ ಕಾಲು ಹಿಡಿದು ಹೇಳುತ್ತೇನೆ. ಹಾಗೆಂದು ಮೂರು ಸಲ ಹೇಳಿಕೊಂಡಳು, ದೇವರು ಒಮ್ಮೆ ಕೇಳಿ ಮರೆತುಬಿಟ್ಟರೆ ಎಂಬಂತೆ. ಮಧ್ಯಾಹ್ನ ಡಾಕ್ಟರು ಹೊರಗೆ ಬಂದು ಜೀವಕ್ಕೆ ಭಯವಿಲ್ಲ, ಕೈ ಮಾಯಲು ತಿಂಗಳುಗಳೇ ಬೇಕು ಎಂದರು. ದೇವರು ತನ್ನ ಪಾಲಿನ ಮಾತು ನಡೆಸಿದ್ದ. ಟೈಲರಕ್ಕ ತನ್ನ ಪಾಲಿನದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಸುದ್ದಿ ಕೇಳಿ ಓಡಿಬಂದಿದ್ದ ತಮ್ಮನು ಆಸ್ಪತ್ರೆಯ ಗೋಡೆಗೆ ಗುದ್ದಿದ.

ಅವನು ಬಸ್ಸಿನ ಡ್ರೈವರು. ಹದಿನೆಂಟು ವರ್ಷದಲ್ಲಿ ಒಬ್ಬ ಪ್ರಯಾಣಿಕನ ಕೈಬೆರಳೂ ಬಾಗಿಲಿಗೆ ಸಿಕ್ಕಿಸದವನು. ಬಸ್ಸು ಬಿಡುವ ಮೊದಲು ಕನ್ನಡಿ ನೋಡು, ಬಾಗಿಲು ನೋಡು, ಮತ್ತೆ ಕನ್ನಡಿ ನೋಡು ಎಂಬುದು ಅವನ ಮಂತ್ರ. ಒಳಗೊಂದು ಹೆಂಗಸು ಬಿದ್ದಿರುವಾಗ ಬೀಗ ಹಾಕಿ ಹೋದವರು ಯಾರೇ ಇರಲಿ, ಬಿಡುವುದಿಲ್ಲ ಎಂದ. ಸ್ವಂತದವರೇ ಆಗಿದ್ದರೂ ಮನೆ ಹೊಸ್ತಿಲು ಮುಟ್ಟಗೊಡುತ್ತಿರಲಿಲ್ಲ ಎಂದ. ಸುಮ್ಮನೆ ಬಾಯಿಗೆ ಬಂದ ಮಾತು. ಟೈಲರಕ್ಕನಿಗೆ ಮಾತ್ರ ಅದು ಅಳತೆ ತೆಗೆದು ಹೊಲಿದ ಹಾಗೆ ಕೂತಿತು. ಗಂಡನ ಮನೆ ಬಿಟ್ಟು ಬಂದು ಇಪ್ಪತ್ತೆರಡು ವರ್ಷದಿಂದ ಅವಳು ಇದ್ದದ್ದು ತಮ್ಮನ ಮನೆಯಲ್ಲಿ. ಹೊಲಿಗೆ ಯಂತ್ರ, ಅಂಗಡಿ ಎಲ್ಲ ಇದ್ದದ್ದು ಆ ಮನೆಯ ಮುಂದಿನ ಕೋಣೆಯಲ್ಲಿ. ತಮ್ಮನ ಮಕ್ಕಳು ಅವಳ ತೊಡೆಯ ಮೇಲೆ ಬೆಳೆದದ್ದು. ಆ ಹೊಸ್ತಿಲ ಆಚೆಗೆ ಅವಳಿಗೆ ಬೇರೆ ನೆಲವಿರಲಿಲ್ಲ. ತೆರೆದ ಬಾಯಿ ಮುಚ್ಚಿತು.

ಮುಚ್ಚಿದ ಬಾಯಿಗೆ ದಿನ ಕಳೆದಂತೆ ಬೀಗವೂ ಬಿತ್ತು. ತಮ್ಮನು ಸೀಟಿಯಕ್ಕನ ಮೇಲೆ ಲಿಖಿತ ದೂರು ಕೊಟ್ಟ. ಸೆಂಟರಿನ ಮ್ಯಾನೇಜರು ಸೀಟಿಯಕ್ಕನನ್ನು ಕೊಳದಿಂದ ಎತ್ತಿ ಷವರುಗಳ ಕೊಳೆ ಉಜ್ಜಲು ಹಾಕಿದ, ಸೀಟಿ ಕಿತ್ತುಕೊಂಡ. ಕೌಂಟರಿನವನು, ಒಂದೇ ಕೈಗೆ ಎರಡು ಕಾರ್ಡು ಕೊಟ್ಟಿದ್ದು ಹೊರಬಿದ್ದರೆ ತನ್ನ ಬುಡಕ್ಕೇ ಬರುತ್ತದೆಂದು, ಅವತ್ತು ಗದ್ದಲವಿತ್ತು, ಆಂಬುಲೆನ್ಸ್ ಹೋದ ಮೇಲೆ ಮೂವತ್ತೇಳರ ಬಿಲ್ಲೆಯನ್ನು ಯಾರೋ ತಂದು ಮೇಜಿನ ಮೇಲೆ ಇಟ್ಟರು ಎಂದ. ಹಾಗೆ ಹೇಳಿ ಟೈಲರಕ್ಕನ ಕಡೆ ಒಮ್ಮೆ ನೋಡಿದ. ಒಂದೇ ಗೋಡೆ ಹಾರಿದ ಇಬ್ಬರು ಕಳ್ಳರು ಬೀದಿಯಲ್ಲಿ ಎದುರಾದರೆ ಹೇಗೆ ನೋಡುತ್ತಾರೋ ಹಾಗೆ. ಅಲ್ಲಿಗೆ ಬಿಲ್ಲೆ ಹಲಗೆಯ ಮೇಲೇ ಇತ್ತು, ಕಾವಲಿನವಳೇ ನೋಡಲಿಲ್ಲ ಎಂದು ಆಯಿತು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಹೆಂಗಸರು ಎರಡು ಪಂಗಡವಾದರು. ಇಷ್ಟು ವರ್ಷ ಒಬ್ಬರ ಕೂದಲೂ ಕೊಂಕದ ಹಾಗೆ ಕಾದವಳು ಅವಳು, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುತ್ತಿದ್ದಾರೆ ಎಂದರು ಕೆಲವರು. ಎಮ್ಮೆಯೋ ಎತ್ತೋ, ಬರೆ ಬಿದ್ದದ್ದು ಆ ಪಾಪದ ಹೆಂಗಸಿನ ಕೈಗೆ ತಾನೇ ಎಂದರು ಉಳಿದವರು. ಟೈಲರಕ್ಕ ಬಂದರೆ ಎರಡೂ ಪಂಗಡದವರು ಮಾತು ಬದಲಿಸಿ, ಹೇಗಿದ್ದಾಳೆ ಎಂದು ಕೇಳುತ್ತಿದ್ದರು. ಅವಳು ಎರಡು ದಿನ ಹೋದಳು. ಮೂರನೆಯ ದಿನದಿಂದ ಹೋಗಲಿಲ್ಲ.

ಅವಳಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಆಸ್ಪತ್ರೆಯಲ್ಲಿ. ತಮ್ಮನ ಹೆಂಡತಿಗೆ ಬಿದ್ದದ್ದೊಂದೂ ನೆನಪಿರಲಿಲ್ಲ. ಬ್ಯಾಂಡೇಜಿನ ಕೈಯನ್ನು ದಿಂಬಿನ ಮೇಲೆ ಇಟ್ಟುಕೊಂಡು, ಬಲಗೈಯಿಂದ ಟೈಲರಕ್ಕನ ಬೆರಳು ಹಿಡಿದು, ಮೆಲ್ಲಗೆ ಹೇಳಿದಳು. “ನೀವು ಕರೆದೇ ಇರ್ತೀರಿ ಅತ್ತಿಗೆ. ನನಗೇ ಕೇಳಿಸಿಲ್ಲ. ಅವತ್ತು ತೋಳಿನ ಮಾತು ಆಡಬಾರದಿತ್ತು ನಾನು.” ಟೈಲರಕ್ಕ ಅವಳ ತಲೆ ಸವರಿದಳು. ತನ್ನ ಕೈ ರೂಢಿಯಿಂದ ಆ ಬಿಲ್ಲೆ ತೆಗೆಯಿತೋ, ಮುನಿಸಿನಿಂದ ತೆಗೆಯಿತೋ? ರೂಢಿಯಾದರೆ ಕರೆಯದೆ ಯಾಕೆ ತೆಗೆಯಿತು? ಮುನಿಸಾದರೆ ಬಿಟ್ಟು ಹೋಗಬಹುದಿತ್ತಲ್ಲ, ಅವಳದನ್ನು ಯಾಕೆ ಮುಟ್ಟಿತು? ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗಲೆಲ್ಲ ಪ್ರಶ್ನೆಯೂ ಮಗ್ಗುಲು ಬದಲಿಸುತ್ತಿತ್ತು.

ಸೋಮವಾರ ಹನ್ನೊಂದಕ್ಕೆ ವಿಚಾರಣೆ ಇಟ್ಟರು. ಸೀಟಿಯಕ್ಕನನ್ನು ಕೆಲಸದಿಂದ ತೆಗೆಯಲೇಬೇಕೆಂದು ತಮ್ಮ ಪಟ್ಟು ಹಿಡಿದಿದ್ದ. ಒಬ್ಬಳ ಅನ್ನ ಕಿತ್ತು ನಮ್ಮ ಹುಡುಗಿಯ ಕೈ ಮಾಯುವುದಿಲ್ಲ ಎಂದು ಟೈಲರಕ್ಕ ಎರಡು ದಿನ ಬಿಡದೆ ಅವನ ಕಿವಿಯ ಹತ್ತಿರ ಹೇಳಿದಳು. ಕೊನೆಗೆ ಅವನು ಒಂದು ಮೆಟ್ಟಿಲು ಇಳಿದ. ತಪ್ಪು ಒಪ್ಪಿಕೊಂಡು ಬರೆದುಕೊಟ್ಟರೆ ದೂರು ವಾಪಸು ತೆಗೆದುಕೊಳ್ಳುತ್ತೇನೆ ಎಂದ. ನಮ್ಮಕ್ಕನ ಮನಸ್ಸು ದೊಡ್ಡದು ಎಂದೂ ಹೇಳಿದ. ಮ್ಯಾನೇಜರಿಗೆ ಇದು ಹಾಲು ಕುಡಿದಷ್ಟು ಸಂತೋಷವಾಗಿ ತಾನೇ ಒಂದು ಕಾಗದ ಟೈಪು ಮಾಡಿಸಿದ. ‘ಮೂವತ್ತೇಳನೇ ನಂಬರಿನ ಬಿಲ್ಲೆ ಹಲಗೆಯ ಮೇಲಿದ್ದುದನ್ನು ನಾನು ಗಮನಿಸದೆ ಬೀಗ ಹಾಕಿದ್ದೇನೆ.’ ಕೆಳಗೆ ಸಹಿಗೆ ಜಾಗ. ಹೆಂಗಸರು ಹೆಂಗಸರು ಮಾತಾಡಿಕೊಳ್ಳಲಿ ಎಂದು ಆ ಕಾಗದವನ್ನು ಟೈಲರಕ್ಕನ ಕೈಗೇ ಕೊಟ್ಟ. ತಮ್ಮನು ಮೇಲಿನ ಮಹಡಿಯಲ್ಲಿ ಮ್ಯಾನೇಜರ ಎದುರು ಕೂತ. ಗಡಿಯಾರದಲ್ಲಿ ಹನ್ನೊಂದಕ್ಕೆ ಇಪ್ಪತ್ತು ನಿಮಿಷ ಇತ್ತು.

ಸೀಟಿಯಕ್ಕ ಹೆಂಗಸರ ಷವರುಗಳ ಸಾಲಿನಲ್ಲಿ ಕುಕ್ಕರುಗಾಲಲ್ಲಿ ಕೂತು ಜಾಲರಿಯಿಂದ ಕೂದಲು ಬಿಡಿಸುತ್ತಿದ್ದಳು. ಕೈಗೆ ರಬ್ಬರಿನ ಗವುಸು, ಕೊರಳು ಬೋಳು. ಟೈಲರಕ್ಕನನ್ನು ಕಂಡು ಎದ್ದು, ಮೊದಲು ಕೇಳಿದ್ದು ಸುಟ್ಟ ಕೈಯ ವಿಚಾರ. ಗಾಯ ಒಣಗುತ್ತಿದೆಯೇ, ಬೆರಳು ಆಡಿಸುತ್ತಾರೆಯೇ ಎಂದು ವಿವರವಾಗಿ ಕೇಳಿದಳು. ಹೇಳಿದ್ದನ್ನೆಲ್ಲ ಕೇಳಿ ತಲೆಯಾಡಿಸಿದಳು. ಆಮೇಲೆ ಗವುಸು ಕಳಚಿ, ಕಾಗದ ತೆಗೆದುಕೊಂಡು, ಬೆಳಕಿಗೆ ಹಿಡಿದು ನಿಧಾನವಾಗಿ ಓದಿದಳು. ಓದಿ ಮತ್ತೆ ಓದಿದಳು.

ಟೈಲರಕ್ಕ ತಾನು ಮನೆಯಿಂದ ಪೋಣಿಸಿಕೊಂಡು ಬಂದಿದ್ದ ಮಾತುಗಳನ್ನು ಒಂದೇ ಉಸಿರಿಗೆ ಹೇಳಿದಳು. ದೂರು ವಾಪಸಾಗುತ್ತದೆ, ಕೆಲಸ ಉಳಿಯುತ್ತದೆ, ಒಂದು ತಿಂಗಳಲ್ಲಿ ಸೀಟಿಯೂ ವಾಪಸು ಬರುತ್ತದೆ, ಮ್ಯಾನೇಜರು ಬಾಯಿಬಿಟ್ಟು ಹೇಳಿದ್ದಾನೆ. ಒಂದು ಸಾಲು, ಒಂದು ಸಹಿ. ಅದರಲ್ಲೇನಿದೆ?

“ಬಾಗಿಲು ತೆಗೆದು ನೆಲ ನೋಡಲಿಲ್ಲ ನಾನು” ಎಂದಳು ಸೀಟಿಯಕ್ಕ. “ಗಾಜು ಒರೆಸಿ ಬೆಂಚು ನೋಡಿದೆ, ಕೂಗಿದೆ, ಅಷ್ಟೆ. ನೆಲ ಅಲ್ಲಿಂದ ಕಾಣಲ್ಲ. ಅದು ನನ್ನ ತಪ್ಪು. ಅದನ್ನ ಬರೀರಿ ಅಂದ್ರೆ ಈಗಲೇ ಬರೀತೀನಿ. ಹಲಗೆ ನೋಡಲಿಲ್ಲ ಅಂತ ಬರೆಯಕ್ಕಾಗಲ್ಲ. ನೋಡಿದ್ದೀನಿ. ಖಾಲಿ ಇತ್ತು.”

ಖಾಲಿ ಇತ್ತೋ ಇಲ್ಲವೋ ಈಗ ಯಾರಿಗೆ ಬೇಕು, ಉಳಿಯುವ ದಾರಿ ನೋಡಿಕೋ ಎಂದಳು ಟೈಲರಕ್ಕ. ದನಿ ಅವಳಿಗೇ ಬೇರೆಯವರದೆನಿಸಿತು.

“ಹದಿಮೂರು ವರ್ಷ ಆ ಹಲಗೆ ಲೆಕ್ಕ ಹಾಕಿದ್ದೀನಿ ಟೈಲರಕ್ಕ. ನನ್ನ ಮಕ್ಕಳನ್ನೂ ಅಷ್ಟು ಸಲ ಎಣಿಸಿಲ್ಲ. ಇದಕ್ಕೆ ಸಹಿ ಹಾಕಿದ್ರೆ ನಾಳೆ ನೀರಲ್ಲಿರೋ ಹೆಂಗಸು ನನ್ನ ನೋಡಿ ಏನಂದ್ಕೋಬೇಕು? ಇವಳು ಎಣಿಸ್ತಾಳೋ ಇಲ್ವೋ ಅಂತ ಅಂದ್ಕೊಂಡ್ರೆ ನಾನು ಆ ದಡದ ಮೇಲೆ ನಿಂತು ಏನು ಪ್ರಯೋಜನ?” ಅವಳು ಕಾಗದವನ್ನು ಹಿಂದಕ್ಕೆ ಚಾಚಿದಳು. “ಏಳು ದಿನದಿಂದ ನನಗೆ ಒಂದೇ ಯೋಚನೆ. ಹಲಗೆ ಸುಳ್ಳು ಹೇಳಲ್ಲ. ಹಾಗಾದ್ರೆ ಅದನ್ನ ತೆಗೆದಿದ್ದು ಯಾರ ಕೈ? ಹುಚ್ಚು ಹಿಡಿಯೋದೊಂದು ಬಾಕಿ. ಒಮ್ಮೊಮ್ಮೆ ನನ್ನ ಕಣ್ಣೇ ಮೋಸ ಮಾಡ್ತೇನೋ ಅನ್ಸುತ್ತೆ.”

ಆ ಕೊನೆಯ ಮಾತು ಟೈಲರಕ್ಕನನ್ನು ಎಲ್ಲೋ ತಾಗಿತು. ಕಣ್ಣು ಮೋಸ ಮಾಡುವುದೆಂದರೆ ಏನೆಂದು ಅವಳಿಗೆ ಗೊತ್ತಿತ್ತು. ಸೂಜಿ ಹಿಡಿದು ಬೆಳಕಿಗೆ ತಿರುಗಿ, ತಪ್ಪು ದಾರದ್ದೋ ತನ್ನದೋ ಎಂದು ತಿಳಿಯದೆ ಕೂತ ಮಧ್ಯಾಹ್ನಗಳು ಅವಳಿಗೆ ಗೊತ್ತಿದ್ದವು. ಇವಳ ಕಣ್ಣಿಗೆ ಮಾತ್ರ ಯಾವ ಪೊರೆಯೂ ಬಂದಿರಲಿಲ್ಲ.

“ನಿನ್ನ ಕಣ್ಣಿಗೆ ಏನೂ ಆಗಿಲ್ಲ” ಎಂದಳು. “ನಾನೇ ತೆಗೆದೆ.”

ಜಾಲರಿಯ ಕೆಳಗೆ ನೀರು ಗುಳುಗುಳು ಎಂದು ಇಳಿಯಿತು. ಸೀಟಿಯಕ್ಕನ ಮುಖದಲ್ಲಿ ಸಿಟ್ಟು ಬರುತ್ತದೆಂದು ಟೈಲರಕ್ಕ ಕಾದಳು. ಬಂದದ್ದು ಸಿಟ್ಟಲ್ಲ. ಏಳು ದಿನ ಬಿಗಿಹಿಡಿದ ಹೆಗಲು ಎರಡು ಬೆರಳಿನಷ್ಟು ಕೆಳಗಿಳಿಯಿತು, ಅಷ್ಟೇ. ಅವಳು ಗೋಡೆಗೆ ಒರಗಿ ಕಣ್ಣು ಮುಚ್ಚಿ ತೆರೆದಳು. ಕರೆದು ತೆಗೆದಿರೋ ಕರೆಯದೆ ತೆಗೆದಿರೋ ಎಂದು ಕೇಳಿದಳು. ಕರೆಯದೆ ಎಂದಳು ಟೈಲರಕ್ಕ. ಯಾಕೆ ಎಂದು ಅವಳು ಕೇಳಲಿಲ್ಲ.

ಮೇಲಿನ ಮಹಡಿಯಲ್ಲಿ ಕುರ್ಚಿ ಎಳೆದ ಸದ್ದಾಯಿತು. ತಮ್ಮನ ಕೆಮ್ಮು ಮೆಟ್ಟಿಲ ಸಂದಿನಿಂದ ಇಳಿದು ಬಂತು. ಟೈಲರಕ್ಕ ಇನ್ನೂ ಒಂದು ಹೆಜ್ಜೆ ಹತ್ತಿರ ಸರಿದು, ಕಾಗದವನ್ನು ಎರಡು ಮಡಿಕೆ ಮಾಡಿ ಅಂಗೈಯಲ್ಲಿ ಮುಚ್ಚಿಕೊಂಡಳು. ಈಗ ನಿನಗೆ ಗೊತ್ತಾಯಿತಲ್ಲ, ನಿನ್ನ ಮನಸ್ಸು ತಿಳಿಯಾಯಿತಲ್ಲ ಎಂದಳು. ಬೇಡ, ಇದಕ್ಕೆ ಸಹಿ ಬೇಡ. ನೆಲ ನೋಡಲಿಲ್ಲ ಅನ್ನುವಷ್ಟು ಮಾತ್ರ ಹೇಳು, ತಮ್ಮನನ್ನು ನಾನು ಒಪ್ಪಿಸುತ್ತೇನೆ. ಬಿಲ್ಲೆಯ ಮಾತು ಇಲ್ಲೇ ಈ ನೀರಿನಲ್ಲಿ ಹೋಗಲಿ. ಆ ಮನೆ ಬಿಟ್ಟರೆ ನನಗೆ ತಲೆ ಇಡಲು ಜಾಗವಿಲ್ಲ, ಯಂತ್ರ ಹೊತ್ತುಕೊಂಡು ಈ ವಯಸ್ಸಿನಲ್ಲಿ ಎಲ್ಲಿಗೆ ಹೋಗಲಿ? ಕೈ ಮುಗಿಯಲು ಹೋದಳು, ಕಾಗದ ಅಡ್ಡ ಬಂತು.

ಸೀಟಿಯಕ್ಕ ಆ ಕೈಗಳನ್ನು ಹಿಡಿದು ಕೆಳಗಿಳಿಸಿದಳು. ಅವಳ ಬೆರಳು ತಣ್ಣಗಿದ್ದವು. ನಿಮ್ಮ ಕಷ್ಟ ನನಗೆ ತಿಳಿಯದ್ದಲ್ಲ ಎಂದಳು. ನಮ್ಮ ಮನೆಯಲ್ಲೂ ನಾಲ್ಕು ಬಾಯಿ ಈ ಕೆಲಸದ ಕಡೆ ನೋಡಿಕೊಂಡು ಕೂತಿವೆ ಎಂದಳು. ಹೇಳುತ್ತಲೇ ಗವುಸುಗಳನ್ನು ಕೊಡವಿ ನಲ್ಲಿಯ ಮೇಲೆ ನೇತುಹಾಕಿದಳು, ಸೆರಗಿಲ್ಲದ ಕೆಲಸದ ಅಂಗಿಗೆ ಕೈ ಒರೆಸಿಕೊಂಡಳು, ಮೆಟ್ಟಿಲ ಕಡೆ ತಿರುಗಿದಳು.

ಟೈಲರಕ್ಕ ಅವಳ ತೋಳು ಹಿಡಿದಳು. ಕಡೆಯ ಪಕ್ಷ ತಮ್ಮನೆದುರಿಗೆ ಬೇಡ ಎಂದಳು. ಮ್ಯಾನೇಜರಿಗೆ ಒಬ್ಬನಿಗೇ ಹೇಳು. ಅವನು ಬಸ್ಸಿಗೆ ಹೋಗಲಿ, ಮಧ್ಯಾಹ್ನದ ಮೇಲೆ ಹೇಳು, ನಾಳೆ ಹೇಳು, ಅಷ್ಟರಲ್ಲಿ ನಾನೇ ಮನೆಯಲ್ಲಿ ಹೇಗಾದರೂ ಬಾಯಿ ಬಿಡುತ್ತೇನೆ. “ಇದೊಂದು ನಡೆಸಿಕೊಡು ತಾಯಿ. ಇನ್ನೇನೂ ಕೇಳಲ್ಲ.”

ಸೀಟಿಯಕ್ಕ ಮೊದಲ ಮೆಟ್ಟಿಲ ಮೇಲೆ ನಿಂತು ತನ್ನ ತೋಳಿನ ಮೇಲಿದ್ದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

“ಆಗಲ್ಲ ಟೈಲರಕ್ಕ. ನನ್ನ ಮೇಲೆ ಹೊರಿಸಿದ್ದು ಅವರು. ಅವರೆದುರಿಗೇ ಹೇಳ್ತೀನಿ.”